ಎಪ್ಪತ್ತೊಂಬತ್ತರ ಗಾಳಿ

ಜೂನ್ ೧೩, ಸೋಮವಾರ

ಎಲ್ಡೊರೆಟ್‌ಗೆ ಬಂದು ಒಂಬತ್ತು ದಿನವಾಯಿತು. ಈ ಪುಸ್ತಕವನ್ನು ಬಚ್ಚಿಡಲು ಒಂದು ಜಾಗ ಸಿಕ್ಕಿದೆ, ಅದಕ್ಕೇ ಬರೆಯಲು ಶುರು ಮಾಡಿದ್ದೇನೆ. ಜಾಗ ಎಲ್ಲಿ ಎಂದು ಇದರಲ್ಲೂ ಬರೆಯುವುದಿಲ್ಲ.

ಮೊಂಬಾಸಾದಲ್ಲಿ ನನ್ನ ಗ್ಯಾರೇಜಿನಲ್ಲಿ ಬಕಾರಿ ಏಳು ವರ್ಷ ದುಡಿದ. ಗಿರಾಕಿಗಳ ಕಾರಿಗೆಂದು ನಾನು ಕೊಟ್ಟ ಹೊಸ ಸಾಮಾನನ್ನು ಜೇಬಿಗಿಳಿಸಿ, ಹಳೆಯದನ್ನೇ ಒರೆಸಿ ಕೂರಿಸುತ್ತಿದ್ದ. ಏಳು ವರ್ಷ ನನ್ನ ಕಿವಿಗೆ ಹೂ ಇಟ್ಟ. ಕೊನೆಗೆ ಜನ ಬೈದದ್ದು ಅವನನ್ನಲ್ಲ, ಕಾಡ್ಜೊ ಕಳ್ಳಿ ಎಂದು ನನ್ನನ್ನು. ಬೋರ್ಡಿನ ಮೇಲೆ ಇದ್ದದ್ದು ನನ್ನ ಹೆಸರಲ್ಲವೇ. ಆ ಊರಿನಲ್ಲಿ ಮುಖ ತೋರಿಸಲಾಗದೆ ದೇಶದ ಇನ್ನೊಂದು ಕೊನೆಗೆ ಬಂದಿದ್ದೇನೆ. ಇನ್ನು ಮನುಷ್ಯರ ಮಾತು ನಂಬುವ ಕೆಲಸವಿಲ್ಲ. ಅಂಕಿ ನಂಬುತ್ತೇನೆ. ಕಾರಿನ ಕಂಪ್ಯೂಟರಿಗೆ ಜೋಡಿಸಿದರೆ ಅಂಕಿ ತೋರಿಸುವ ಸ್ಕ್ಯಾನರ್ ನನ್ನ ಹತ್ತಿರ ಇದೆ, ಕಬ್ಬಿಣದ ಪೆಟ್ಟಿಗೆಯಲ್ಲಿ, ಬೀಗದೊಳಗೆ. ಈ ರಿಪೇರಿ ಅಂಗಳದ ನಲವತ್ತು ಮೆಕ್ಯಾನಿಕ್‌ಗಳಲ್ಲಿ ಬೇರೆ ಯಾರ ಬಳಿಯೂ ಅಂಥದ್ದಿಲ್ಲ.

ಮೆಕ್ಯಾನಿಕ್ ಸಂಘದವರು ನನಗೆ ಕೊಟ್ಟ ಜಾಗದ ಪಕ್ಕದಲ್ಲೇ ತುವೇಯಿ ಎಂಬ ಮುದುಕನ ಗೂಡಂಗಡಿ. ರಿಪೇರಿಯೂ ಮಾಡುತ್ತಾನೆ, ಜಪಾನಿನಿಂದ ಬಂದ ಹಳೇ ಬಿಡಿಭಾಗಗಳನ್ನೂ ಮಾರುತ್ತಾನೆ. ಅರವತ್ತೈದು ದಾಟಿದೆ, ಎಡಗೈಯ ಒಂದು ಬೆರಳು ಅರ್ಧವಿಲ್ಲ. ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಎಂಜಿನ್ನಿಗೆ ಹಿಡಿದು ಡಾಕ್ಟರನ ಹಾಗೆ ಕಣ್ಣು ಮುಚ್ಚಿ ನಿಲ್ಲುತ್ತಾನೆ. ಬರೀ ನಾಟಕ. ಅವನ ಹೆಂಡತಿ ಮೊದಲ ದಿನವೇ ಸೋರೆಬುರುಡೆಯಲ್ಲಿ ಇದ್ದಿಲು ಬೆರೆಸಿದ ಹುಳಿಹಾಲು ತಂದಳು. ಹೊಟ್ಟೆ ಸರಿಯಿಲ್ಲ ಎಂದೆ. ಗುರುತು ಪರಿಚಯ ಇಲ್ಲದವಳಿಗೆ ಹಾಲು ಕೊಡುವವರಿಗೆ ಏನೋ ಬೇಕಾಗಿರುತ್ತದೆ.

ಇಲ್ಲಿಯ ಅಕ್ಕಿಯೂ ಮೋಸ. ಮುಕ್ಕಾಲು ಗಂಟೆ ಒಲೆಯ ಮೇಲಿದ್ದರೂ ಅಗುಳಿನ ನಡುವೆ ಕಲ್ಲು. ನೀರು ಮಾತ್ರ ನಮ್ಮೂರಿಗಿಂತ ಬೇಗ ಕುದಿಯುತ್ತದೆ, ಆದರೆ ಬೇಯಿಸುವುದಿಲ್ಲ. ಅಂಗಡಿಯವನು ನಾನು ಕರಾವಳಿಯವಳು ಎಂದು ನೋಡಿ ಯಾವ ಕಾಲದ್ದೋ ಅಕ್ಕಿ ಕೊಟ್ಟಿದ್ದಾನೆ. ನಾಳೆ ಬೇರೆ ಅಂಗಡಿ.

ಜೂನ್ ೧೫, ಬುಧವಾರ

ಬೇರೆ ಅಂಗಡಿಯವನೂ ಅದೇ ಅಕ್ಕಿ ಕೊಟ್ಟ. ಇಬ್ಬರೂ ಒಂದೇ ಗುಂಪು.

ಇವತ್ತು ಮೊದಲ ದೊಡ್ಡ ಕೆಲಸ. ಬರಾಸಾ ಎಂಬ ಟ್ಯಾಕ್ಸಿಯವನ ಬಿಳಿ ಕಾರು. ಎಂಜಿನ್ ದೀಪ ಹತ್ತಿ ಕೂತಿದೆ, ನಿಂತಲ್ಲಿ ನಡುಗುತ್ತದೆ, ಏರಿನಲ್ಲಿ ಮುಗ್ಗರಿಸುತ್ತದೆ. ಬಾನೆಟ್ ಎತ್ತಿ ಗಾಳಿ ಸೆನ್ಸರ್ ತೋರಿಸಿದೆ. ಬರಾಸಾ ಮಾತಿನಮಲ್ಲ, ಬಗ್ಗಿ ನೋಡಿ ನಕ್ಕ.

"ಇದೇನಕ್ಕಾ, ಹೆಬ್ಬೆರಳಿನಷ್ಟಿಲ್ಲ. ಇದು ನನ್ನ ಕಾರು ನಿಲ್ಲಿಸಿದ್ದಾ?"

"ಎಂಜಿನ್ ಎಷ್ಟು ಗಾಳಿ ಎಳೀತಿದೆ ಅಂತ ಕಂಪ್ಯೂಟರಿಗೆ ಹೇಳೋದೇ ಇದು. ಒಳಗೆ ಈರುಳ್ಳಿ ಸಿಪ್ಪೆಗಿಂತ ತೆಳು ಪೊರೆ ಇದೆ. ಗಾಳಿ ಒತ್ತಿದರೆ ಬಾಗತ್ತೆ. ಅದು ಬಾಗಿದ ಹಾಗೆ ಕರೆಂಟು ಬದಲಾಗತ್ತೆ. ಪಕ್ಕದಲ್ಲಿ ಒಂದು ಮಣಿ ಇದೆ ನೋಡು, ಅದು ಗಾಳಿ ಬಿಸಿಯೋ ತಣ್ಣಗೋ ಅಂತ ಹೇಳತ್ತೆ. ತಣ್ಣನೆ ಗಾಳಿ ದಟ್ಟ, ಬಿಸಿ ಗಾಳಿ ಸಡಿಲ. ಒತ್ತಡ, ಬಿಸಿ ಎರಡೂ ಗೊತ್ತಾದ ಮೇಲೆ ಕಂಪ್ಯೂಟರ್ ಅಷ್ಟಕ್ಕೆ ಸರಿಯಾಗಿ ಪೆಟ್ರೋಲ್ ಬಿಡತ್ತೆ."

"ಇದು ಸುಳ್ಳು ಹೇಳಿದರೆ?"

"ಕಂಪ್ಯೂಟರ್ ಪಾಪ, ನಂಬತ್ತೆ."

"ನನ್ನ ಮಾವನ ಹಾಗೆ" ಎಂದ ಬರಾಸಾ.

ಸುಳ್ಳು ಹಿಡಿಯುವ ವಿದ್ಯೆ ನನಗೆ ಕಲಿಸಿದ್ದು ಚಾರೋ ಮಾವ, ಅಮ್ಮನ ತಮ್ಮ. ಕೀ ತಿರುಗಿಸು, ಎಂಜಿನ್ ಚಾಲೂ ಮಾಡಬೇಡ. ಎಂಜಿನ್ ಎಳೆಯದೆ ಇರುವಾಗ ಕೊಳವೆಯೊಳಗಿನ ಗಾಳಿಯೂ ಹೊರಗಿನ ಗಾಳಿಯೂ ಒಂದೇ. ಆಗ ಸೆನ್ಸರ್ ಒತ್ತಡ ನೂರ ಒಂದು ಎಂದು ತೋರಿಸಬೇಕು. ಮಾವ ತನ್ನ ಗ್ಯಾರೇಜಿನ ಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ 'ನೂರ ಒಂದು' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾನೆ. ನನ್ನದೇ ಗ್ಯಾರೇಜು ಇಡುವ ಮೊದಲು ಹದಿನೈದು ವರ್ಷ ಆ ಗೋಡೆ ನೋಡಿ ಕೆಲಸ ಮಾಡಿದವಳು ನಾನು.

ಬರಾಸಾನ ಕಾರು ತೋರಿಸಿದ್ದು ಎಪ್ಪತ್ತೊಂಬತ್ತು.

ಬಿಸಿಯ ಅಂಕಿ ಹದಿಮೂರು ಎಂದಿತು. ಅದು ಸರಿ, ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಅಂದರೆ ಸೆನ್ಸರಿನ ಅರ್ಧ ಬದುಕಿದೆ, ಅರ್ಧ ಸತ್ತಿದೆ. ಮುದುಕನ ಅಂಗಡಿಯಿಂದ ಇನ್ನೊಂದು ತಂದು ಹಾಕಿದೆ. ಎಪ್ಪತ್ತೊಂಬತ್ತು. ಮತ್ತೊಂದು ತಂದೆ. ಎಪ್ಪತ್ತೊಂಬತ್ತು.

ಬರಾಸಾನ ಹಳೆಯದನ್ನೇ ವಾಪಸು ಕೂರಿಸಿ, ಎರಡು ದಿನ ತಾಳು ಎಂದು ಕಳಿಸಿದೆ.

ಜೂನ್ ೧೮, ಶನಿವಾರ

ಇನ್ನೂ ಮೂರು ಕಾರು, ಮುದುಕನ ಇನ್ನೂ ಐದು ಸೆನ್ಸರ್. ಎಲ್ಲವೂ ಎಪ್ಪತ್ತೊಂಬತ್ತು. ಒಂದು ಕೆಟ್ಟರೆ ಕೆಟ್ಟಿತು ಎನ್ನಬಹುದು. ಏಳೂ ಒಂದೇ ಸುಳ್ಳು ಹೇಳಿದರೆ ಏಳೂ ಒಂದೇ ನಕಲಿ ಕಾರ್ಖಾನೆಯಿಂದ ಬಂದಿವೆ.

ದುಡ್ಡು ಕೊಟ್ಟು ಕೊಂಡವಳು ನಾನು, ಏನು ಬೇಕಾದರೂ ಮಾಡುತ್ತೇನೆ. ಅಂಗಳದ ನಡುವೆ ಕಲ್ಲಿನ ಮೇಲೆ ಏಳನ್ನೂ ಸಾಲಾಗಿಟ್ಟು ಸುತ್ತಿಗೆಯಿಂದ ಜಜ್ಜಿದೆ. ಮತ್ತೆ ಯಾರಿಗೂ ಮಾರಬಾರದು. ಜನ ಗುಂಪುಗೂಡಿದರು. ಮುದುಕ ಕೈ ಒರೆಸಿಕೊಳ್ಳುತ್ತಾ ಬಂದ.

"ಮಗಳೇ, ಇವನ್ನ ನಾನು ರಾಯೆಲ್ ಹತ್ರ ತರೋದು. ನಕುರು ಊರಿನ ರಾಯೆಲ್. ಇಪ್ಪತ್ತೆರಡು ವರ್ಷದಿಂದ ಅವಳ ಹತ್ರಾನೇ. ಒಂದು ಸಲಾನೂ ಕೆಟ್ಟ ಸಾಮಾನು ಕೊಟ್ಟಿಲ್ಲ."

"ಹಾಗಾದರೆ ಇಪ್ಪತ್ತೆರಡು ವರ್ಷದಿಂದ ನಿಮಗೆ ಟೋಪಿ ಹಾಕ್ತಿದಾಳೆ. ಇಲ್ಲ, ನೀವಿಬ್ಬರೂ ಸೇರಿ ಊರಿಗೆ ಹಾಕ್ತಿದೀರಿ."

ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಆಗಲಿಲ್ಲ. ಪಕ್ಕಾ ಕಳ್ಳರು ಸಿಟ್ಟಾಗುವುದಿಲ್ಲ. ನನ್ನ ಸ್ಕ್ಯಾನರ್ ಕಡೆ ಅರ್ಧ ಬೆರಳು ತೋರಿಸಿದ.

"ಆ ಅಂಕಿ ಅಂದರೆ ಏನು? ಯಾವುದನ್ನ ತೂಗತ್ತೆ ಅದು? ಸ್ವಲ್ಪ ತೋರಿಸು."

"ಅದು ನಿಮಗೆ ತಿಳಿಯಲ್ಲ ಬಿಡಿ" ಎಂದು ಪೆಟ್ಟಿಗೆಗೆ ಬೀಗ ಹಾಕಿದೆ. ಮುಟ್ಟಲು ಬಿಟ್ಟರೆ ಅದನ್ನೂ ಕೆಡಿಸುತ್ತಾನೆ.

ಒಡೆದ ಚೂರುಗಳನ್ನು ಒಂದೊಂದಾಗಿ ಆರಿಸಿ ತಗಡಿನ ಡಬ್ಬಿಗೆ ತುಂಬಿಕೊಂಡು ಹೋದ. ಸಾಕ್ಷ್ಯ ಮುಚ್ಚಲು ಇರಬೇಕು.

ಜೂನ್ ೨೧, ಮಂಗಳವಾರ

ಬರಾಸಾ ನನಗೆ ಹೇಳದೆ ಮುದುಕನ ಹತ್ತಿರ ಹೋಗಿದ್ದ. ಮುದುಕ ರಬ್ಬರ್ ಪೈಪ್ ಕಿವಿಗಿಟ್ಟು, ಗಾಳಿ ಕೊಳವೆಯ ಹಿಂಬದಿಯಲ್ಲಿ ಒಂದು ಸಣ್ಣ ಪೈಪು ಸೀಳಿದೆ, ಅಲ್ಲಿ ಬುಸ್ ಅನ್ನುತ್ತಿದೆ ಎಂದು ಹೇಳಿ ಹೊಸದು ಹಾಕಿದನಂತೆ. ಈಗ ಕಾರು ಬೆಣ್ಣೆಯ ಹಾಗೆ ಓಡುತ್ತಿದೆ ಎಂದು ಬರಾಸಾ ಹಲ್ಲು ಕಿರಿದ. ಸೆನ್ಸರ್ ಅದೇ, ಎಪ್ಪತ್ತೊಂಬತ್ತರದು.

ಆ ಪೈಪು ಸೀಳಿದ್ದು ಯಾರು ಎಂಬುದು ನನ್ನ ಪ್ರಶ್ನೆ. ಹದಿನೈದನೇ ತಾರೀಕು ನಾನು ಊಟಕ್ಕೆ ಹೋದಾಗ ಕಾರಿನ ಬಾನೆಟ್ ತೆರೆದೇ ಇತ್ತು.

ಜೂನ್ ೨೬, ಭಾನುವಾರ

ಅಮ್ಮ ಬಸ್ಸಿನಲ್ಲಿ ಮರಗೆಣಸಿನ ಚಿಪ್ಸ್ ಕಳಿಸಿದ್ದಾಳೆ. ನಾಲ್ಕು ಪೊಟ್ಟಣ, ನಾಲ್ಕೂ ಚೆಂಡಿನ ಹಾಗೆ ಊದಿಕೊಂಡಿವೆ. ಒಂದು ದಾರಿಯಲ್ಲೇ ಒಡೆದಿದೆ. ಬಸ್ಸಿನವನನ್ನು ಕೇಳಿದರೆ, "ಮೊಂಬಾಸಾದಿಂದ ಬರೋದೆಲ್ಲಾ ಹಂಗೇ ಉಬ್ಬತ್ತೆ ತಾಯಿ, ನಿಮ್ಮೂರ ಜನಾನೂ ಸೇರಿ" ಎಂದು ನಕ್ಕ. ಯಾರೋ ಬಿಚ್ಚಿ, ತಿಂದು, ಗಾಳಿ ಊದಿ ಮುಚ್ಚಿದ್ದಾರೆ. ತಿನ್ನಲಿಲ್ಲ. ಎಸೆಯಲೂ ಮನಸ್ಸಾಗಲಿಲ್ಲ, ಅಮ್ಮನ ಕೈಯದು. ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದೇನೆ.

ನಲ್ಲಿಯಿಂದ ಎರಡು ಕೊಡ ನೀರು ತರುವಷ್ಟರಲ್ಲಿ ಏದುಸಿರು. ಮೊಂಬಾಸಾದಲ್ಲಿ ಎಂಜಿನ್ನನ್ನೇ ಎತ್ತುತ್ತಿದ್ದವಳು. ಆ ನೀರಿನಲ್ಲಿ ಏನಿದೆಯೋ.

ಜುಲೈ ೪, ಸೋಮವಾರ

ಇವತ್ತು ಕಳ್ಳತನ ಸಿಕ್ಕಿಬಿತ್ತು.

ಊರು ಬಿಡುವ ದಿನ ಚಾರೋ ಮಾವ ಒಂದು ಒಳ್ಳೆಯ ಸೆನ್ಸರ್ ಕೊಟ್ಟಿದ್ದ. ನನ್ನ ಕಣ್ಣೆದುರೇ ಪರೀಕ್ಷಿಸಿದ್ದ, ನೂರ ಒಂದು ಬಂದಿತ್ತು. ಅದರ ಬೆನ್ನಿಗೆ ನಾನೇ ಗುಲಾಬಿ ನೇಲ್ ಪಾಲಿಶ್ ಚುಕ್ಕೆ ಇಟ್ಟು, ಕಾಂಗಾ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೆ. ಬರಾಸಾ ಎಣ್ಣೆ ಬದಲಿಸಲು ಬಂದಿದ್ದ. ಆ ಕಾರಿಗೇ ಅದನ್ನು ಹಾಕಿದೆ.

ಎಪ್ಪತ್ತೊಂಬತ್ತು.

ಮೂರು ಸಲ ಕೀ ತಿರುಗಿಸಿದೆ. ಮೂರು ಸಲವೂ ಅದೇ. ಚುಕ್ಕೆ ಇದೆ, ಅದೇ ಗುಲಾಬಿ. ಅಂದರೆ ಯಾರೋ ನನ್ನ ಬೀಗ ತೆಗೆದು, ಅಸಲಿಯನ್ನು ಕದ್ದು, ನಕಲಿ ಇಟ್ಟು, ಅದಕ್ಕೆ ನನ್ನ ಹಾಗೇ ಚುಕ್ಕೆಯನ್ನೂ ಇಟ್ಟಿದ್ದಾರೆ. ಇಷ್ಟು ಕೈಚಳಕ ಬಕಾರಿಗೂ ಇರಲಿಲ್ಲ.

ಮುದುಕನ ಮಗಳು ಜೆಲಗತ್ ಅಂಗಳದ ಬಾಗಿಲಲ್ಲೇ ಹೆಂಗಸರ ಜಡೆ ಹೆಣೆಯುವ ಅಂಗಡಿ ಇಟ್ಟಿದ್ದಾಳೆ. ಅವಳ ಉಗುರು ನೋಡಿದೆ. ಗುಲಾಬಿ.

ಜುಲೈ ೯, ಶನಿವಾರ

ಸಂಘದ ಸಭೆ. ಅಧ್ಯಕ್ಷ ಲಗಾತ್ ಮರದ ಕೆಳಗೆ ಬೆಂಚಿನ ಮೇಲೆ, ಸುತ್ತ ಎಲ್ಲರೂ. ಹೇಳಬೇಕಾದ್ದನ್ನೆಲ್ಲ ಹೇಳಿದೆ. ಏಳು ನಕಲಿ, ಸೀಳಿದ ಪೈಪು, ಚುಕ್ಕೆ, ಉಗುರು.

ಜೆಲಗತ್ ಬಾಚಣಿಗೆ ಕೈಯಲ್ಲೇ ಹಿಡಿದು ನುಗ್ಗಿ ಬಂದಳು. "ಏನಕ್ಕಾ, ಗುಲಾಬಿ ಬಣ್ಣ ನಿಮಗೊಂದೇ ಬಾಟಲಿ ಮಾಡಿ ಕಳಿಸಿದಾರಾ? ಊರ ತುಂಬ ಹುಡುಗೀರ ಉಗುರು ಗುಲಾಬೀನೇ. ಎಲ್ಲರನ್ನೂ ಕರೆಸಿ, ಬೆರಳು ಚಾಚ್ತೀವಿ!"

ಜನ ನಕ್ಕರು. ಮುದುಕ ನಗಲಿಲ್ಲ. ನನ್ನನ್ನೇ ನೋಡಿ ಕೇಳಿದ.

"ಸೆನ್ಸರ್ ಕೆಟ್ಟಿದೆ ಅಂತ ನಿನ್ನ ಯಂತ್ರ ನಿಜವಾಗಲೂ ಹೇಳ್ತಾ?"

"ಯಂತ್ರ ಸುಳ್ಳು ಹೇಳಲ್ಲ."

"ಹೂಂ" ಎಂದ. ಅಷ್ಟೇ.

ಲಗಾತ್ ತೀರ್ಮಾನ: ಮೂವತ್ತನೇ ತಾರೀಕಿನವರೆಗೆ ತುವೇಯಿಯ ಅಂಗಡಿಗೆ ಬೀಗ. ಚುಕ್ಕೆಯ ಸೆನ್ಸರ್ ಬರಾಸಾನ ಕಾರಿನಲ್ಲೇ ಇರಬೇಕು. ಯಾರೂ ಬದಲಿಸದ ಹಾಗೆ ಅದರ ಮೇಲೆ ಟೇಪು ಸುತ್ತಿ ಅಧ್ಯಕ್ಷರು ಸಹಿ ಹಾಕಿದರು. ನೂರ ಒಂದು ಇದ್ದದ್ದಕ್ಕೆ ನಾನು ಸಾಕ್ಷಿ ತರಬೇಕು. ತಂದರೆ ಮುದುಕನಿಗೆ ಮೂವತ್ತು ವರ್ಷದ ಜಾಗ ಹೋಗುತ್ತದೆ, ಈ ಜಿಲ್ಲೆಯ ಯಾವ ಅಂಗಳದಲ್ಲೂ ಅವನು ಸ್ಪ್ಯಾನರ್ ಹಿಡಿಯುವಂತಿಲ್ಲ. ತರದಿದ್ದರೆ ಹೋಗುವವಳು ನಾನು.

ಸಂಜೆ ನೋಡಿದರೆ ಬೀಗ ಹಾಕಿದ ಅಂಗಡಿಯ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಯಾರಿಗೋ ಏನೋ ಹೇಳುತ್ತಿದ್ದ. ಧ್ವನಿ ಎತ್ತರಿಸಿದ್ದನ್ನು ಇವತ್ತೇ ಮೊದಲು ಕೇಳಿದ್ದು. ನಕಲಿ ಮಾಲನ್ನು ಬೇರೆ ಕಡೆ ಸಾಗಿಸಲು ಹೇಳುತ್ತಿರಬೇಕು.

ಜುಲೈ ೧೪, ಗುರುವಾರ

ಗಿರಾಕಿ ಇಲ್ಲ. ಯಾರೂ ಮಾತಾಡಿಸುವುದಿಲ್ಲ. ಒಳ್ಳೆಯದೇ.

ಜುಲೈ ೧೭, ಭಾನುವಾರ

ಅಕ್ಕಿ ಬಿಟ್ಟೆ. ಮೆಕ್ಕೆಜೋಳದ ಮುದ್ದೆ.

ತುವೇಯಿ ದಿನವೂ ಬರುತ್ತಾನೆ. ಬೀಗದ ಮುಂದೆ ಕೂತು ಸಂಜೆ ಹೋಗುತ್ತಾನೆ. ಕೆಲಸವಿಲ್ಲದೆ ಯಾಕೆ ಬರಬೇಕು?

ಜುಲೈ ೨೨, ಶುಕ್ರವಾರ

ಬರಾಸಾ ತನ್ನ ಅಕ್ಕನ ಮನೆಯವರನ್ನು ಕರೆತರಲು ಮೊಂಬಾಸಾಕ್ಕೆ ಹೊರಟ. ನಾನೂ ಹತ್ತಿದೆ, ಚಾರೋ ಮಾವನನ್ನು ಸಾಕ್ಷಿಗೆ ಕರೆತರಲು. ಸಾಕ್ಷ್ಯವೂ ಇದೇ ಕಾರಿನಲ್ಲಿದೆ. ಬರಾಸಾ ಮುದುಕನ ಕಡೆಯವನು, ದಾರಿಯಲ್ಲಿ ಸೆನ್ಸರ್ ಬದಲಿಸಿಬಿಟ್ಟರೆ? ಪ್ರತಿ ನಿಲುಗಡೆಯಲ್ಲೂ ಎಂಜಿನ್ ಆರಿಸಿ, ಕೀ ತಿರುಗಿಸಿ, ಅಂಕಿ ನೋಡುವುದೆಂದು ನಿರ್ಧರಿಸಿದ್ದೇನೆ. ಪುಸ್ತಕ ತೊಡೆಯ ಮೇಲಿದೆ.

ಎಲ್ಡೊರೆಟ್, ಹೊರಡುವಾಗ. ೭೯. ಟೇಪು ಸರಿ. ಸಹಿ ಸರಿ.

ತಿಂಬೊರೊವಾ. ಮಂಜು, ಕೊರೆಯುವ ಚಳಿ. ಬರಾಸಾ ಚಹಾಕ್ಕೆ ನಿಲ್ಲಿಸಿದ. ೭೩!

ಟೇಪು ಬಿಚ್ಚಿಲ್ಲ. ಸಹಿ ಹಾಗೇ ಇದೆ. ಚಹಾ ತಂದ ಬರಾಸಾನ ಮೇಲೆ ಹಾರಿಬಿದ್ದೆ. "ಏನು ಮಾಡಿದೆ ಹೇಳು!"

"ಅಯ್ಯೋ ಅಕ್ಕಾ, ಎರಡೂ ಕೈಯಲ್ಲಿ ಲೋಟ ಹಿಡಿದಿದೀನಿ. ಮೂರನೇ ಕೈ ಇದ್ದಿದ್ದರೆ ಸಮೋಸಾನೂ ತರ್ತಿದ್ದೆ."

ಸೆನ್ಸರ್ ಸಾಯುತ್ತಿದೆ. ಮೊಂಬಾಸಾ ತಲುಪುವವರೆಗೆ ಬದುಕಿರುತ್ತದೋ ಇಲ್ಲವೋ.

ನಕುರು. ೮೧. ಇದು ಹೇಗೆ? ಸಾಯುತ್ತಿದ್ದದ್ದು ಚೇತರಿಸಿಕೊಂಡಿದೆ. ಟೇಪು ಸರಿ.

ಲಿಮುರು ಹತ್ತಿರ ಘಟ್ಟ ಹತ್ತಿದ ಮೇಲೆ. ೭೮.

ನೈರೋಬಿ. ೮೩. ಊಟ ಮಾಡಲಿಲ್ಲ. ಬರಾಸಾ ಕೋಳಿ ಚೀಪುತ್ತಾ ಪುಸ್ತಕಕ್ಕೆ ಇಣುಕಿದ. ಮುಚ್ಚಿದೆ. ಆದರೂ ಅಂದ, "ಅಕ್ಕಾ, ನಾನು ಶಾಲೆಗೆ ಹೋದವನಲ್ಲ. ಆದರೆ ನೀವು ಬೆಳಿಗ್ಗೆಯಿಂದ ಕೂಗ್ತಿರೋ ಅಂಕಿ ಕೇಳಿದೀನಿ. ಗುಡ್ಡ ಹತ್ತಿದರೆ ಕಮ್ಮಿ ಆಗತ್ತೆ. ಇಳಿದರೆ ಜಾಸ್ತಿ ಆಗತ್ತೆ. ಅಷ್ಟೇ ತಾನೇ?"

ತಲೆ ತಿನ್ನಬೇಡ ಎಂದೆ.

ಎಮಾಲಿ. ೮೯.

ಮ್ಟಿಟೊ ಆಂಡೇಯಿ. ೯೩. ಬಿಸಿಯ ಅಂಕಿ ಬೆಳಿಗ್ಗೆ ಹತ್ತು ಇತ್ತು, ಈಗ ಮೂವತ್ತೊಂದು. ಸ್ವೆಟರ್ ತೆಗೆದೆ. ಬಿಸಿಯ ಅಂಕಿ ಏರಿದ್ದಕ್ಕೆ ನಾನು ಯಾರನ್ನೂ ಬೈಯಲಿಲ್ಲ ಎಂದು ಈಗ ಹೊಳೆಯಿತು.

ವೋಯಿ. ೯೫. ಇಲ್ಲಿ ಬರಾಸಾನ ಗೆಳೆಯನ ಮನೆಯಲ್ಲಿ ತಂಗಿದ್ದೇವೆ. ತಿಂಬೊರೊವಾದಲ್ಲಿ ಕುಡಿದು ಮುಚ್ಚಳ ಬಿಗಿದಿಟ್ಟ ನೀರಿನ ಖಾಲಿ ಬಾಟಲಿ ಸೀಟಿನ ಕೆಳಗಿತ್ತು. ಯಾರೋ ಹಿಂಡಿದ ಹಾಗೆ ಒಳಕ್ಕೆ ನಜ್ಜುಗುಜ್ಜಾಗಿದೆ. ಯಾರೂ ಮುಟ್ಟಿಲ್ಲ, ನನಗೆ ಗೊತ್ತು, ನಾನು ಇಡೀ ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದೇನೆ. ಮುಚ್ಚಳ ತಿರುಗಿಸಿದೆ. ಉಸ್ ಎಂದು ಗಾಳಿ ಒಳಗೆ ಹೋಯಿತು. ಬಾಟಲಿ ಮೊದಲಿನ ಹಾಗಾಯಿತು.

ಕಿಟಕಿಯಲ್ಲಿ ಊದಿಕೊಂಡ ಅಮ್ಮನ ಚಿಪ್ಸ್ ನೆನಪಾಯಿತು.

ಜುಲೈ ೨೩, ಶನಿವಾರ

ಮೊಂಬಾಸಾ, ಚಾರೋ ಮಾವನ ಗ್ಯಾರೇಜು. ಟೇಪು ಸರಿ. ಸಹಿ ಸರಿ. ನೂರ ಒಂದು.

ಕಾರಿನಲ್ಲೇ ಕೂತಿದ್ದೆ, ಇಳಿಯಲಾಗಲಿಲ್ಲ. ಮಾವ ಕಿಟಕಿಯಲ್ಲಿ ಬಗ್ಗಿ, "ಏನಾಯ್ತು? ಸರಿಯಾಗೇ ಇದೆಯಲ್ಲ" ಎಂದ. ಸರಿಯಾಗೇ ಇದೆ ಮಾವ. ಎಲ್ಲವೂ ಮೊದಲಿನಿಂದ ಸರಿಯಾಗೇ ಇತ್ತು.

ನಡೆದದ್ದೆಲ್ಲ ಹೇಳಿ, ದಾರಿಯ ಅಂಕಿಗಳನ್ನು ತೋರಿಸಿದೆ. ಮಾವ ತುಂಬಾ ಹೊತ್ತು ನೋಡಿದ. ಅವನು ಹುಟ್ಟಿದಾಗಿನಿಂದ ವೋಯಿ ದಾಟಿದವನಲ್ಲ. ಸಮುದ್ರದ ಪಕ್ಕದ ಗಾಳಿಯನ್ನೇ ತೂಗಿ ತೂಗಿ ಗೋಡೆಯ ಮೇಲೆ ಬರೆದವನು.

"ಮೇಲೆ ಹೋದರೆ ಗಾಳಿ ಇಷ್ಟು ತೆಳು ಆಗತ್ತಾ?" ಎಂದ. "ನನಗೆ ಗೊತ್ತಿರಲಿಲ್ಲ ಕಾಡ್ಜೊ. ನಿನ್ನ ಜಾಗದಲ್ಲಿದ್ದರೆ ನಾನೂ ಸುತ್ತಿಗೇನೇ ಎತ್ತುತ್ತಿದ್ದೆ."

ಆಮೇಲೆ ಬಣ್ಣದ ಡಬ್ಬಿ ಹುಡುಕಿ ತಂದು, ಗೋಡೆಯ ಮೇಲೆ 'ನೂರ ಒಂದು' ಎಂಬುದರ ಮುಂದೆ 'ಇಲ್ಲಿ' ಎಂದು ಬರೆದ.

ಚಳಿ ಹಲ್ಲಿಗೆ ತಿಳಿಯಿತು, ಅದಕ್ಕೇ ಬಿಸಿಯ ಅಂಕಿಯನ್ನು ನಂಬಿದೆ. ಗಾಳಿ ತೆಳುವಾದದ್ದೂ ನನ್ನ ಮೈಗೆ ತಿಳಿದಿತ್ತು. ಏದುಸಿರು ಬಂತು, ಅನ್ನ ಬೇಯಲಿಲ್ಲ, ಪೊಟ್ಟಣ ಊದಿತು. ಪ್ರತಿ ಸಲವೂ ಯಾರದೋ ಮುಖ ಹುಡುಕಿದೆ. ಅಕ್ಕಿಯವನು, ಬಸ್ಸಿನವನು, ತುವೇಯಿಯವರ ಮಗಳ ಉಗುರು. ನನಗೆ ನಾಚಿಕೆಯಾಗುತ್ತಿದೆ. ಅನ್ನ ತೆಂಗಿನಹಾಲಿನಲ್ಲಿ ಹೂವಿನ ಹಾಗೆ ಬೆಂದಿದೆ ಎಂದು ಅಮ್ಮ ಬಡಿಸಿದಳು. ತಟ್ಟೆ ಸರಿಸಿ ಎದ್ದೆ.

ವಾಪಸು ಹೋಗದೆ ಇಲ್ಲೇ ಉಳಿದರೆ ಯಾರು ಕೇಳುತ್ತಾರೆ? ಆ ಯೋಚನೆಯೂ ಬಂತು, ಬರೆದಿಡುತ್ತೇನೆ. ಬೀಗ ಹಾಕಿದ ಅಂಗಡಿಯ ಮೆಟ್ಟಿಲೂ ಕಣ್ಣ ಮುಂದೆ ಬಂತು.

ಜುಲೈ ೩೦, ಶನಿವಾರ

ಸಭೆ. ಮಾವನನ್ನು ಕರೆತರಲಿಲ್ಲ. ಪುಸ್ತಕ ತಂದೆ. ಅಂಕಿ ಬರೆದ ಪುಟ ಬಿಚ್ಚಿ ಲಗಾತ್ ಕೈಗೆ ಕೊಟ್ಟೆ. ಬಚ್ಚಿಡುವ ಪುಸ್ತಕ, ಆದರೂ ಕೊಟ್ಟೆ.

"ಸೆನ್ಸರ್‌ಗಳು ಅಸಲಿ. ಏಳೂ ಅಸಲಿ. ತುವೇಯಿ ಯಜಮಾನರು ಏನೂ ಕದ್ದಿಲ್ಲ, ಅವರ ಮಗಳೂ ಕದ್ದಿಲ್ಲ. ಇಲ್ಲಿಯ ಗಾಳಿಯೇ ಎಪ್ಪತ್ತೊಂಬತ್ತು. ತಪ್ಪು ನನ್ನದು."

ಎಲ್ಲರೂ ಒಟ್ಟಿಗೆ ಕೂಗಾಡಿದರು. ಕರಾವಳಿಗೆ ಓಡಿಸಿ, ಸುತ್ತಿಗೆ ಅವಳ ತಲೆಗೇ ಹಾಕಿ, ಹೀಗೆ. ಜೆಲಗತ್ ಹತ್ತೂ ಬೆರಳು ನನ್ನ ಮುಖದ ಮುಂದೆ ಹಿಡಿದಳು. ಈ ಸಲ ಕೆಂಪು ಬಣ್ಣ.

ಯಜಮಾನರು ಎದ್ದು ನಿಂತಾಗ ಗದ್ದಲ ಅಡಗಿತು.

"ಗಾಳಿ ತೆಳು ಅಂತ ನನಗೆ ಗೊತ್ತು ಮಗಳೇ. ಈ ಸೆನ್ಸರ್ ಎಲ್ಲ ಬರೋ ಮೊದಲು ಮೊಂಬಾಸಾದ ಪೆಟ್ರೋಲ್ ಲಾರಿಗಳು ಘಟ್ಟ ಹತ್ತಿ ಬಂದರೆ ಕಪ್ಪು ಹೊಗೆ ಕಾರ್ತಿದ್ವು. ಅಲ್ಲಿಯ ಗಾಳಿಗೆ ಅಳತೆ ಮಾಡಿದ ಪೆಟ್ರೋಲು ಇಲ್ಲಿಗೆ ಜಾಸ್ತಿ ಆಗ್ತಿತ್ತು. ನಾವು ಕಾರ್ಬುರೇಟರ್ ಬಿಚ್ಚಿ ಪೆಟ್ರೋಲ್ ಬರೋ ತೂತು ಚಿಕ್ಕದು ಮಾಡಿ ಕಳಿಸ್ತಿದ್ವಿ. ಆ ಅಂಕಿ ಏನನ್ನ ತೂಗತ್ತೆ ಅಂತ ಅವತ್ತು ಕೇಳಿದೆ. ಗಾಳೀನ ಅಂತ ಒಂದು ಮಾತು ಹೇಳಿದ್ದರೆ ಅಲ್ಲೇ ಮುಗೀತಿತ್ತು."

ತಲೆ ತಗ್ಗಿಸಿದೆ. ನಿಮಗೆ ತಿಳಿಯಲ್ಲ ಬಿಡಿ ಎಂದಿದ್ದೆ.

"ನನ್ನ ಜಾಗದ ವಿಷಯ ಬಿಡು. ಯಂತ್ರ ಸುಳ್ಳು ಹೇಳಲ್ಲ ಅಂದೆಯಲ್ಲ, ನಾನು ನಂಬಿಬಿಟ್ಟೆ. ನಿನ್ನನ್ನ ನಂಬಿ ಅವತ್ತು ಸಂಜೇನೇ ರಾಯೆಲ್‌ಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಇಪ್ಪತ್ತೆರಡು ವರ್ಷದ ಸ್ನೇಹ. ಈಗ ನನ್ನ ಧ್ವನಿ ಕೇಳಿದ ಕೂಡಲೇ ಫೋನ್ ಇಡ್ತಾಳೆ."

ಲಗಾತ್ ನನ್ನನ್ನು ಇವತ್ತೇ ಹೊರಗೆ ಹಾಕುವುದೆಂದರು. ಯಜಮಾನರು ಬೇಡ ಎಂದರು.

"ನಾನು ಕ್ಷಮಿಸಿಲ್ಲ. ಆದರೆ ಇವಳು ಹೋದರೆ ರಾಯೆಲ್ ಮುಂದೆ ನಿಂತು ಹೇಳೋರು ಯಾರು?"

ಆಗಸ್ಟ್ ೨, ಮಂಗಳವಾರ

ನಕುರುವಿಗೆ ಹೋಗಿ ಬಂದೆವು. ಬರಾಸಾ ಕಾರು, ಯಜಮಾನರು ಮುಂದೆ, ತೊಡೆಯ ಮೇಲೆ ಆ ತಗಡಿನ ಡಬ್ಬಿ. ಇಡೀ ದಾರಿ ಅವರು ಮಾತಾಡಲಿಲ್ಲ. ಬರಾಸಾ ಕೂಡ ಮಾತಾಡಲಿಲ್ಲ ಎಂದರೆ ಲೆಕ್ಕ ಹಾಕಿಕೊಳ್ಳಬಹುದು.

ರಾಯೆಲ್ ಗಟ್ಟಿಮುಟ್ಟಾದ ಹೆಂಗಸು, ಅಂಗಡಿಯ ತುಂಬ ಹೆಡ್‌ಲೈಟುಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದಳು. ಏಳಲಿಲ್ಲ. ಯಜಮಾನರು ಡಬ್ಬಿಯನ್ನು ಅವಳ ಮುಂದೆ ಇಟ್ಟರು. ನಾನು ಎಲ್ಲವನ್ನೂ ಹೇಳಿದೆ, ಸುತ್ತಿಗೆಯಿಂದ ಹಿಡಿದು. ಸ್ಕ್ಯಾನರನ್ನು ಕಾರಿಗೆ ಜೋಡಿಸಿ ಯಜಮಾನರ ಕೈಗೆ ಕೊಟ್ಟೆ. ಎಂಬತ್ತೊಂದು ಎಂದು ಅವರೇ ಓದಿ ಹೇಳಿದರು.

ರಾಯೆಲ್ ಡಬ್ಬಿಯಿಂದ ಒಂದು ಚೂರು ತೆಗೆದು ಬೆರಳಲ್ಲಿ ಹೊರಳಿಸಿದಳು. ನನ್ನ ಕಡೆ ನೋಡಲೇ ಇಲ್ಲ.

"ಈ ಹುಡುಗಿಗೆ ನಾನು ಯಾರು? ಯಾರೂ ಅಲ್ಲ. ಅವಳು ಏನು ಬೇಕಾದರೂ ಅಂದುಕೊಳ್ಳಲಿ. ಫೋನಲ್ಲಿ ನನ್ನನ್ನ ಕಳ್ಳಿ ಅಂದಿದ್ದು ಯಂತ್ರ ಅಲ್ಲ ತುವೇಯಿ. ನೀನು."

ಆ ಶಬ್ದ ನನಗೆ ಗೊತ್ತಿದೆ. ಅದನ್ನು ಹೊತ್ತುಕೊಂಡು ಒಂದು ಊರು ಬಿಟ್ಟವಳು ನಾನು. ನಾನೇ ಅದನ್ನು ಇವರ ಬಾಯಿಗೆ ಹಾಕಿದೆ. ಯಜಮಾನರು ನನ್ನ ಕಡೆ ಬೆರಳು ತೋರಿಸಬಹುದಿತ್ತು, ತೋರಿಸಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ರಾಯೆಲ್ ಡಬ್ಬಿ ಮುಚ್ಚಿ ಒಳಗೆ ಹೋದಳು. ಹೊರಗೆ ಬರಲಿಲ್ಲ.

ವಾಪಸು ಬರುವಾಗ ತಿಂಬೊರೊವಾದಲ್ಲಿ ಯಜಮಾನರು ಕಾರು ನಿಲ್ಲಿಸಲು ಹೇಳಿದರು. ಕೀ ತಿರುಗಿಸಿ ತಾವೇ ನೋಡಿದರು. ಎಪ್ಪತ್ತಮೂರು. ತುಂಬಾ ಹೊತ್ತು ಅದನ್ನೇ ನೋಡುತ್ತಿದ್ದರು. ಅವರ ಮನೆಗೆ ಬಂದರೆ ಅವರ ಹೆಂಡತಿ ಹುಳಿಹಾಲಿನ ಸೋರೆಬುರುಡೆ ಹಿಡಿದು ನಿಂತಿದ್ದರು. ಕುಡಿದೆ. ಹುಳಿ, ಸ್ವಲ್ಪ ಹೊಗೆಯ ವಾಸನೆ. ಇನ್ನೊಂದು ಲೋಟ ಕೇಳಿದೆ.

ಆಗಸ್ಟ್ ೫, ಶುಕ್ರವಾರ

ಇವತ್ತು ರಿಪೇರಿಗೆ ಐದು ಕಾರು ಬಂದವು. ಅಂಗಡಿಯವನು ಅಕ್ಕಿಗೆ ಭಾರದ ಮುಚ್ಚಳ ಹಾಕಿ ಮೇಲೆ ಕಲ್ಲಿಡು ಎಂದ. ಬೆಂದಿತು.

ಆಗಸ್ಟ್ ೯, ಮಂಗಳವಾರ

ನಕುರುವಿನ ಬಸ್ಸಿನಲ್ಲಿ ನನ್ನ ಹೆಸರಿಗೆ ಒಂದು ಪೊಟ್ಟಣ ಬಂತು. ಒಳಗೆ ಹಳೇ ಪತ್ರಿಕೆಯಲ್ಲಿ ಸುತ್ತಿದ ಒಂದು ಸೆನ್ಸರ್. ಜೊತೆಗೆ ಚೀಟಿ: 'ನಿನ್ನ ಯಂತ್ರ ಏನು ಹೇಳುತ್ತದೆ ನೋಡು. ಅವನ ಎದುರಿಗೆ. ಅವನೇ ನನಗೆ ಹೇಳಲಿ. ರಾಯೆಲ್.'

ಯಜಮಾನರ ಅಂಗಡಿಗೆ ತೆಗೆದುಕೊಂಡು ಹೋದೆ. ಚೀಟಿ ಓದಿ ಮಡಚಿ ಜೇಬಿಗಿಟ್ಟುಕೊಂಡರು. ಬಾಗಿಲಲ್ಲಿ ನಿಂತಿದ್ದ ಕಾರಿಗೆ ಸೆನ್ಸರನ್ನು ಅವರೇ ಕೂರಿಸಿದರು. ಸ್ಕ್ಯಾನರ್ ಪೆಟ್ಟಿಗೆಯಲ್ಲಿತ್ತು. ಹೋಗಿ ನೋಡಿದರೆ ಬೀಗ ಹಾಕಿರಲಿಲ್ಲ, ಎಂದಿನಿಂದಲೋ ಹಾಕಿಲ್ಲ. ತಂದು ಅವರಿಗೇ ಕೊಟ್ಟೆ. ಕೀ ತಿರುಗಿಸಿದರು. ಅಂಗಳದಲ್ಲಿ ನಾಲ್ಕೈದು ಜನ ಕೆಲಸ ಬಿಟ್ಟು ಬಂದು ನಿಂತರು. ಜೆಲಗತ್ ಕೂಡ.

ಅವರು ಅಂಗಿಯ ಜೇಬಿನಿಂದ ಫೋನ್ ತೆಗೆದರು. ಅರ್ಧ ಬೆರಳಿನಿಂದ ನಂಬರು ಒತ್ತಲು ತುಂಬಾ ಹೊತ್ತು ಹಿಡಿಯಿತು. ಆ ಕಡೆ ಎತ್ತಿದ ಸದ್ದು ನನಗೂ ಕೇಳಿಸಿತು.

"ಎಪ್ಪತ್ತೊಂಬತ್ತು ರಾಯೆಲ್" ಎಂದರು. "ಸರಿಯಾಗಿದೆ."

ಆ ಕಡೆಯಿಂದ ಮಾತಿಲ್ಲ. ಯಜಮಾನರು ಫೋನ್ ಕಿವಿಗೆ ಒತ್ತಿ, ರಬ್ಬರ್ ಪೈಪ್ ಹಿಡಿದಾಗಿನ ಹಾಗೆ ಕಣ್ಣು ಮುಚ್ಚಿದರು. ನಾವೆಲ್ಲ ಅವರ ಮುಖವನ್ನೇ ನೋಡುತ್ತಾ ನಿಂತೆವು. ರಾಯೆಲ್ ಫೋನ್ ಇಡಲಿಲ್ಲ.